ಕೊಡಗಿನಿಂದ ಬಾದಾಮಿ, ಐಹೊಳೆಯ ಗುಹೆಗಳಿಗೆ: ಹೊರಡುವ ಮುಂಚೆ ಓದಿ

ನಮ್ಮ ಕಡೆಯವರು ಉತ್ತರ ಕರ್ನಾಟಕಕ್ಕೆ ಹೊರಟರೆ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿ, ಪುರಸೊತ್ತಾದರೆ ವಿಜಯಪುರ. ಎಲ್ಲಾ ಒಂದೇ ಟೆಂಪೋ ಟ್ರಾವೆಲರ್‌ನಲ್ಲಿ, ಒಂದೇ ರಜೆಯಲ್ಲಿ. ನನ್ನನ್ನು ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಹೆಸರು ಹೊಡೆದು ಹಾಕಿ. ಹಂಪಿಗೆ ಇನ್ನೊಮ್ಮೆ ಹೋಗಬಹುದು. ಬಂಡೆ ಕೊರೆದು ಮಾಡಿದ ಗುಡಿಗಳನ್ನು ನೋಡಲೇಬೇಕು ಅಂತ ಮನಸ್ಸಿದ್ದರೆ ಬಾದಾಮಿಗೆ ಒಂದು ಪೂರ್ತಿ ದಿನ, ಐಹೊಳೆಗೆ ಇನ್ನೊಂದು ಪೂರ್ತಿ ದಿನ ಇಟ್ಟುಕೊಳ್ಳಿ. ಇದಕ್ಕಿಂತ ಕಡಿಮೆ ಮಾಡಿದರೆ ಮೆಟ್ಟಿಲು ಹತ್ತಿಳಿದದ್ದಷ್ಟೇ ನೆನಪಿರುತ್ತದೆ.

ಯಾವಾಗ ಹೋಗಬೇಕು ಎನ್ನುವುದು ಕೊಡಗಿನವರಿಗೆ ಸ್ವಲ್ಪ ತಲೆನೋವಿನ ಪ್ರಶ್ನೆ. ಡಿಸೆಂಬರ್, ಜನವರಿಯಲ್ಲಿ ಬಾದಾಮಿ ತಂಪಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ ಕೂಡ. ಆದರೆ ಆಗ ನಮ್ಮಲ್ಲಿ ಕಾಫಿ ಕುಯ್ಲು. ಕಣದಲ್ಲಿ ಹಣ್ಣು ಹರಡಿಟ್ಟು ಯಾರು ಊರು ಬಿಡುತ್ತಾರೆ? ಕುಯ್ಲು, ಮೆಣಸು ಎಲ್ಲಾ ಮುಗಿಸಿ ಮಾರ್ಚ್, ಏಪ್ರಿಲ್‌ನಲ್ಲಿ ಹೊರಟರೆ ಅಲ್ಲಿನ ಬಂಡೆ ಕಾದ ಹೆಂಚಿನ ಹಾಗೆ ಇರುತ್ತದೆ. ನಮ್ಮ ಮೈಗೆ ಅದು ಆಗಿಬರುವುದಿಲ್ಲ. ನಾನು ಹೇಳುವುದು ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ, ಹುತ್ತರಿ ಹಬ್ಬಕ್ಕೆ ಮುಂಚೆ. ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಇಲ್ಲಿ ಮಳೆ ಇನ್ನೂ ಜಿನುಗುತ್ತಾ ತೋಟದ ಕೆಲಸ ಅರ್ಧಂಬರ್ಧ ನಿಂತಿರುತ್ತದೆ. ಅಲ್ಲಿ ಮಳೆ ನಮ್ಮ ಹಾಗೆ ಹಟ ಹಿಡಿದು ಸುರಿಯುವುದಿಲ್ಲ, ಒಂದು ಹದ ಬಂದು ನಿಲ್ಲುತ್ತದೆ. ಅಗಸ್ತ್ಯ ತೀರ್ಥದ ಕೆರೆಯಲ್ಲಿ ನೀರಿರುತ್ತದೆ, ಗುಡ್ಡಗಳ ಮೇಲೆ ಹಸಿರಿರುತ್ತದೆ, ಕೆಂಪು ಕಲ್ಲು ತೊಳೆದಿಟ್ಟ ಹಾಗೆ ಕಾಣುತ್ತದೆ. ಒಳ್ಳೆ ಮಳೆ ಬಿದ್ದಿದ್ದರೆ ಅಕ್ಕ ತಂಗಿ ಜಲಪಾತವೂ ಸಿಗುತ್ತದೆ. ದಸರಾ ರಜೆಯೂ ಆಗಲೇ ಬರುವುದರಿಂದ ಮಕ್ಕಳಿಗೆ ಅನುಕೂಲ, ಆದರೆ ಜನವೂ ಆಗಲೇ ಜಾಸ್ತಿ. ಭಾನುವಾರ ತಪ್ಪಿಸಿ.

ಕೊಡಗಿಗೆ ರೈಲಿಲ್ಲ ಎಂದು ಎಲ್ಲರೂ ನೇರವಾಗಿ ಮೈಸೂರಿಗೆ ಹೋಗಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆಯವರಿಗೆ ಅದೇ ಸರಿ. ನಮ್ಮ ಹಾಗೆ ಸೋಮವಾರಪೇಟೆ, ಶನಿವಾರಸಂತೆ ಕಡೆಯವರಿಗೆ ಮಾತ್ರ ಅದು ಸುಮ್ನೆ ಸುತ್ತು. ಆ ರೈಲು ಮೈಸೂರಿನಿಂದ ಬೆಂಗಳೂರಿಗೆ ಹೋಗಿ, ತುಮಕೂರು ದಾಟಿ, ರಾತ್ರಿ ಅರಸೀಕೆರೆಗೆ ಬರುತ್ತದೆ. ನಾವು ಹಾಸನದ ಮೇಲೆ ಅರಸೀಕೆರೆಗೆ ಹೋಗಿ ಅಲ್ಲೇ ಹತ್ತಿದೆವು. ಊಟ ಮುಗಿಸಿ ಹತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಬಾದಾಮಿ. ಸಮಯವನ್ನು ಬುಕಿಂಗ್ ಮಾಡುವಾಗ ಇನ್ನೊಮ್ಮೆ ನೋಡಿಕೊಳ್ಳಿ, ಆಗಾಗ ಬದಲಾಗುತ್ತದೆ. ಸ್ಟೇಷನ್ನಿನಿಂದ ಊರು ಸುಮಾರು 5 ಕಿ.ಮೀ., ಆಟೋ ಸಿಗುತ್ತವೆ. ಕಾರಿನಲ್ಲೇ ಹೋಗುತ್ತೇವೆ ಎನ್ನುವವರಿಗೆ ಹಾಸನ, ಚಿತ್ರದುರ್ಗ, ಹೊಸಪೇಟೆ ಮೇಲಿನ ದಾರಿ ಇದೆ. 500 ಕಿ.ಮೀ. ದಾಟುತ್ತದೆ. ಒಬ್ಬರೇ ಡ್ರೈವರ್ ಆದರೆ ಬೇಡ.

ಹೋಗುವ ಮುಂಚೆ ಒಂದು ಕೆಲಸ ಮಾಡಿ. ಶನಿವಾರಸಂತೆ ಹತ್ತಿರದ ಮುಳ್ಳೂರಿನ ಬಸದಿಗಳನ್ನು ನೋಡಿ. ಈ ಕಡೆ ಆಳಿದ ಕೊಂಗಾಳ್ವ ಅರಸರ ಕಾಲದವು, 11ನೇ ಶತಮಾನದವು. ಕೊಡಗಿನಲ್ಲೇ ಇದ್ದು ಅದನ್ನು ನೋಡದವರು ಬೇಕಾದಷ್ಟು ಜನ. ಅಲ್ಲಿ ಕಲ್ಲನ್ನು ಕಡಿದು ತಂದು, ಒಂದರ ಮೇಲೊಂದು ಇಟ್ಟು ಕಟ್ಟಿದ್ದಾರೆ. ಬಾದಾಮಿಯಲ್ಲಿ ಕಟ್ಟಿಲ್ಲ, ಗುಡ್ಡದ ಒಳಗಿನ ಬೇಡದ ಕಲ್ಲನ್ನು ತೆಗೆದಿದ್ದಾರೆ. ಕಂಬ, ತೊಲೆ, ಮೂರ್ತಿ ಎಲ್ಲವೂ ಅದೇ ಬಂಡೆ. ಮುಳ್ಳೂರು ನೋಡಿದ ಕಣ್ಣಿಗೆ ಈ ವ್ಯತ್ಯಾಸ ಬೇಗ ಹಿಡಿಸುತ್ತದೆ. ಬಾದಾಮಿಯದು ಮರಳುಗಲ್ಲು, ಪದರ ಪದರವಾಗಿ ಕೂತದ್ದು, ಉಳಿಗೆ ಬಗ್ಗುವ ಕಲ್ಲು. ನಮ್ಮ ಬೆಟ್ಟದ ಕರಿಬಂಡೆ ಹಾಗೆ ಬಗ್ಗುವುದಿಲ್ಲ.

ಬಾದಾಮಿಯಲ್ಲಿ ಗುಹೆಗಳು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಪುರಾತತ್ವ ಇಲಾಖೆಯ ಟಿಕೆಟ್ ಇದೆ, ಮೊಬೈಲಿನಲ್ಲೂ ತೆಗೆಯಬಹುದು, 15 ವರ್ಷದ ಒಳಗಿನ ಮಕ್ಕಳಿಗೆ ಬೇಡ. ತಿಂಡಿ ಇರುವ ಚೀಲ ಬೇಡವೇ ಬೇಡ. ಕೋತಿಗಳು ಪ್ಲಾಸ್ಟಿಕ್ ಕವರ್ ಸದ್ದು ಕೇಳಿದರೆ ಸಾಕು, ಮಡಿಲಿಗೇ ಬರುತ್ತವೆ. ನೀರಿನ ಬಾಟಲಿಯನ್ನೂ ಕೈಯಲ್ಲಿ ಹಿಡಿಯದೆ ಬ್ಯಾಗಿನ ಒಳಗೆ ಇಡಿ. ಮೆಟ್ಟಿಲುಗಳು ಎತ್ತರವಾಗಿವೆ, ಒಂದರ ಹಾಗೆ ಒಂದಿಲ್ಲ. ನಮ್ಮ ಜೊತೆ ದೊಡ್ಡಮ್ಮ ಇದ್ದರು, ಮಂಡಿನೋವಿನವರು. ಪ್ರತಿ ಗುಹೆಯ ಜಗಲಿಯಲ್ಲಿ ನೆರಳಿದೆ, ಕೂತು ಕೂತು ಹತ್ತಿದರು. "ನೀವು ಓಡಿ, ನಾನು ಶಿವನ ಕೈ ಲೆಕ್ಕ ಮಾಡ್ತೇನೆ" ಅಂತ ಮೊದಲನೇ ಗುಹೆಯಲ್ಲೇ ತಳವೂರಿದ್ದರು.

ಆ ಲೆಕ್ಕ 18. ಒಂದನೇ ಗುಹೆಯ ಹೊರಗೋಡೆಯ ನಟರಾಜನಿಗೆ ಒಂದು ಕಡೆಗೆ ಒಂಬತ್ತು, ಇನ್ನೊಂದು ಕಡೆಗೆ ಒಂಬತ್ತು ಕೈ. ಫೋಟೋ ತೆಗೆಸಿಕೊಳ್ಳುವವರ ಗುಂಪು ಅವನ ಎದುರೇ ನಿಂತಿರುತ್ತದೆ. ನೀವು ಅವನ ಎದುರು ಬದಿಗೆ ತಿರುಗಿ. ತ್ರಿಶೂಲ ಹಿಡಿದ ದ್ವಾರಪಾಲಕನ ಕಾಲ ಬಳಿ ಆನೆ, ಎತ್ತು ಎರಡಕ್ಕೂ ಸೇರಿ ಒಂದೇ ತಲೆ ಕೆತ್ತಿದ್ದಾರೆ. ಒಂದು ಕಡೆಯಿಂದ ಆನೆ, ಇನ್ನೊಂದು ಕಡೆಯಿಂದ ಎತ್ತು. ಮಕ್ಕಳಿಗೆ ಅರ್ಧ ಮೈಯನ್ನು ಕೈಯಲ್ಲಿ ಮರೆ ಮಾಡಿ ತೋರಿಸಿ.

ಎರಡನೆಯದು ವಿಷ್ಣುವಿನದು, ತ್ರಿವಿಕ್ರಮ ಮತ್ತು ವರಾಹ ಚೆನ್ನಾಗಿವೆ. ಆದರೆ ಅವರಿಬ್ಬರೂ ಮೂರನೆಯದರಲ್ಲಿ ಇನ್ನೂ ದೊಡ್ಡದಾಗಿ ಸಿಗುತ್ತಾರೆ, ಆದ್ದರಿಂದ ಇಲ್ಲಿ ಜಾಸ್ತಿ ಹೊತ್ತು ಬೇಡ. ಎರಡಕ್ಕೂ ಮೂರಕ್ಕೂ ನಡುವೆ ಕೋಟೆಗೆ ಹತ್ತುವ ಕಡಿದಾದ ಮೆಟ್ಟಿಲಿದೆ, ಗೇಟಿಗೆ ಬೀಗ ಹಾಕಿದ್ದಾರೆ.

ಮೂರನೇ ಗುಹೆಗೆ ಒಂದು ಗಂಟೆ ಕೊಡಿ. ಇದಕ್ಕೆ ಇಸವಿ ಗೊತ್ತಿದೆ, ಅದೇ ಇದರ ಹೆಚ್ಚುಗಾರಿಕೆ. 578ರಲ್ಲಿ, ಚಾಲುಕ್ಯರ ರಾಜ ಕೀರ್ತಿವರ್ಮ ಆಳುತ್ತಿದ್ದಾಗ, ಅವನ ತಮ್ಮ ಮಂಗಲೇಶ ಮಾಡಿಸಿದ್ದು ಎಂದು ಶಾಸನವಿದೆ. ಕನ್ನಡದ ಶಾಸನವೂ ಒಂದಿದೆ, ದೇವರ ಹೂಮಾಲೆಯ ಖರ್ಚಿಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟದ್ದರ ಬಗ್ಗೆ. ಕನ್ನಡದ ತೀರಾ ಹಳೆಯ ಬರಹಗಳಲ್ಲಿ ಅದೂ ಸೇರುತ್ತದೆ. ಒಳಗೆ ಸುರುಳಿ ಸುತ್ತಿದ ಅನಂತನ ಮೇಲೆ ವಿಷ್ಣು ಆರಾಮಾಗಿ ಕೂತಿದ್ದಾನೆ. ಮಲಗಿದ ವಿಷ್ಣುವನ್ನು ನೋಡಿ ಅಭ್ಯಾಸವಾದ ನಮಗೆ ಇದು ಹೊಸದು, ಅಲ್ವಾ? ಕಂಬಗಳ ಮೇಲ್ಗಡೆ ಗಂಡು ಹೆಣ್ಣಿನ ಜೋಡಿಗಳಿವೆ. ಕತ್ತೆತ್ತಿ ನೋಡದಿದ್ದರೆ ಕಾಣುವುದೇ ಇಲ್ಲ. ಸೂರಿನ ಒಳಮೈಯಲ್ಲಿ ಹಳೆಯ ಬಣ್ಣದ ಚಿತ್ರದ ಕುರುಹು ಅಲ್ಲಲ್ಲಿ ಉಳಿದಿದೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ನಾಲ್ಕನೆಯದು ಜೈನರದು, ಎಲ್ಲಕ್ಕಿಂತ ಚಿಕ್ಕದು. ಕೆಲವು ಗೈಡ್‌ಗಳು ಮೂರನೆಯದರಲ್ಲೇ ಮಾತು ಮುಗಿಸಿ, "ಮುಂದ ಒಂದು ಜೈನ ಗುಹೆ ಐತ್ರಿ, ನೋಡಿ ಬರ್ರಿ" ಅಂತ ಕೈ ತೋರಿಸಿ ಅಲ್ಲೇ ನಿಲ್ಲುತ್ತಾರೆ. ಮೊದಲೇ ಮಾತಾಡಿಕೊಳ್ಳಿ, ನಾಲ್ಕಕ್ಕೂ ಬರಬೇಕು ಎಂದು. ನನಗಂತೂ ಈ ಇಡೀ ಪ್ರವಾಸದಲ್ಲಿ ಹಿಡಿಸಿದ ಜಾಗ ಇದೇ. ಗರ್ಭಗುಡಿಯಲ್ಲಿ ಕೂತ ಮಹಾವೀರ, ಜಗಲಿಯ ಒಂದು ತುದಿಗೆ ಹೆಡೆ ಹೊತ್ತ ಪಾರ್ಶ್ವನಾಥ, ಇನ್ನೊಂದು ತುದಿಗೆ ಬಾಹುಬಲಿ. ಶ್ರವಣಬೆಳಗೊಳ ನಮಗೆ ಪಕ್ಕದ ಊರು. ಆ ಗೊಮ್ಮಟನನ್ನು ಚಿಕ್ಕಂದಿನಿಂದ ನೋಡಿದವರು ಈ ಬಾಹುಬಲಿಯ ಮುಂದೆ ನಿಂತು ಹೋಲಿಸಿ. ಇವನು ಆಳೆತ್ತರದವನು, ಬೆಳಗೊಳದವನಿಗಿಂತ ಮುನ್ನೂರು ವರ್ಷಕ್ಕೂ ಹಿಂದಿನವನು. ಬೆಳಗೊಳದವನಿಗೆ ಗುಂಗುರು ಕೂದಲು, ಇವನಿಗೆ ಹೆಗಲ ಮೇಲೆ ಇಳಿದ ಜಡೆ. ಕಾಲಿಗೆ ಬಳ್ಳಿ ಸುತ್ತಿದ್ದು ಮಾತ್ರ ಇಬ್ಬರಿಗೂ ಒಂದೇ. ಹತ್ತಿರ ಹೋದರೆ ಇನ್ನೊಂದು ಕಾಣುತ್ತದೆ: ಕಲ್ಲಿನ ಬಣ್ಣದ ಪಟ್ಟಿಗಳು ಗೋಡೆಯಿಂದ ಹೊರಟು ಮೂರ್ತಿಯ ಮೈ ಮೇಲೆ ಹಾದು ಮತ್ತೆ ಗೋಡೆಗೆ ಸೇರುತ್ತವೆ. ಗೋಡೆ ಬೇರೆ, ಮೂರ್ತಿ ಬೇರೆ ಅಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಕಂಬ, ಗೋಡೆಗಳ ಮೇಲಿನ ಸಾಲು ಸಾಲು ಪುಟ್ಟ ತೀರ್ಥಂಕರರು ಆಮೇಲೆ ಸೇರಿಸಿದವು.

ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ಸಂಜೆ ಕೆರೆಯ ಆಚೆ ತುದಿಗೆ, ಭೂತನಾಥ ಗುಡಿಗೆ ನಡೆಯಿರಿ. ದಾರಿಯ ಕಡೆಗೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಶಾಲೆಯಲ್ಲಿ ಬಾಯಿಪಾಠ ಮಾಡಿದ "ಸಾಧುಗೆ ಸಾಧು" ಅದೇ. ಉತ್ತರದ ಗುಡ್ಡದ ಬುಡದಲ್ಲಿರುವ ಮ್ಯೂಸಿಯಂಗೆ ಶುಕ್ರವಾರ ರಜೆ.

ಊಟದ ಬಗ್ಗೆ ಒಂದು ಮಾತು. ಅನ್ನ, ಕಡುಬು, ಅಕ್ಕಿರೊಟ್ಟಿ ಬಿಟ್ಟು ಇರಲಾರದವರು ಗೊಣಗುತ್ತಾರೆ, ಗೊಣಗಲಿ. ಬನಶಂಕರಿ ಗುಡಿ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಪಲ್ಯ, ಗಟ್ಟಿ ಮೊಸರು ತಂದು ಮಾರುತ್ತಾರೆ. ಬಾದಾಮಿಯಿಂದ ಸುಮಾರು 5 ಕಿ.ಮೀ. "ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ ಯಕ್ಕಾ" ಅಂತ ಕೇಳುತ್ತಲೇ ಹಾಕಿಬಿಡುತ್ತಾರೆ. ದೊಡ್ಡಮ್ಮನೇ ಎರಡು ಸಲ ಹಾಕಿಸಿಕೊಂಡರು. ಕಾಫಿ ಮಾತ್ರ ನಮ್ಮ ನಾಲಗೆಗೆ ಹೊಂದುವುದಿಲ್ಲ. ಪುಡಿ, ಫಿಲ್ಟರ್ ಮನೆಯಿಂದಲೇ ಒಯ್ಯಿರಿ.

ಎರಡನೇ ದಿನಕ್ಕೆ ಬಾಡಿಗೆ ಕಾರು ಅಥವಾ ಆಟೋ ಮಾತಾಡಿ. ಬಸ್ಸಿದೆ, ಆದರೆ ಕಾಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪಟ್ಟದಕಲ್ಲು ದಾರಿಯಲ್ಲೇ ಸಿಗುತ್ತದೆ, ಡ್ರೈವರ್ ಅಲ್ಲೇ ಮೊದಲು ನಿಲ್ಲಿಸಲು ನೋಡುತ್ತಾನೆ. ಬೇಡ ಅನ್ನಿ. ನೇರ ಐಹೊಳೆಗೆ ಹೋಗಿ, ಬಿಸಿಲೇರುವ ಮುಂಚೆ ಮೇಗುತಿ ಗುಡ್ಡ ಹತ್ತಿ. ಮೇಲಿನ ಜೈನ ಗುಡಿಯ ಗೋಡೆಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ ಇದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೊಗಳಿ, ತಾನು ಕಾಳಿದಾಸ, ಭಾರವಿಗೆ ಸಮ ಎಂದೂ ಹೇಳಿಕೊಂಡಿದ್ದಾನೆ. ಪಾಪ, ಅದಾಗಿ ಎಂಟೇ ವರ್ಷಕ್ಕೆ ಪಲ್ಲವರ ನರಸಿಂಹವರ್ಮ ಬಂದು ಬಾದಾಮಿಯನ್ನೇ ಹಿಡಿದ. ಗುಡ್ಡದ ಮೇಲ್ಭಾಗದಲ್ಲೇ, ಸ್ವಲ್ಪ ಕೆಳಗೆ, ಅರ್ಧ ಕೊರೆದು ಅರ್ಧ ಕಟ್ಟಿದ ಎರಡು ಅಂತಸ್ತಿನ ಬೌದ್ಧ ಗುಡಿಯೂ ಇದೆ.

ಗುಡ್ಡ ಇಳಿದು ಮೀನಬಸದಿ ಎಲ್ಲಿ ಎಂದು ಕೇಳಿ. ಹೆಚ್ಚಿನ ಪ್ರವಾಸಿಗರು ಇದನ್ನು ಬಿಟ್ಟೇ ಹೋಗುತ್ತಾರೆ. ಗುಡ್ಡದ ಬುಡದಲ್ಲಿ ಕೊರೆದ ಜೈನ ಗುಹೆ. ಗೇಟು ಹಾಕಿದ್ದರೆ ಕಾವಲುಗಾರರನ್ನು ಹುಡುಕಿ. ಒಳಗೆ ಕತ್ತಲು, ಸಣ್ಣ ಟಾರ್ಚ್ ಬೇಕೇ ಬೇಕು. ಬೆಳಕನ್ನು ನೇರ ಬಿಡದೆ ಪಕ್ಕದಿಂದ ಹಿಡಿಯಿರಿ, ಆಗ ಸೂರಿನ ಕಮಲ, ಮಕರ, ಸಣ್ಣ ಸಣ್ಣ ಕುಸುರಿ ಎಲ್ಲಾ ಎದ್ದು ಬರುತ್ತದೆ. ಇಲ್ಲೂ ಒಂದು ಕಡೆ ಪಾರ್ಶ್ವನಾಥ, ಇನ್ನೊಂದು ಕಡೆ ಬಾಹುಬಲಿ, ಅವನ ಅಕ್ಕಪಕ್ಕ ಇಬ್ಬರು ಹೆಂಗಸರು.

ರಾವಣಫಡಿ ಊರಿನ ಇನ್ನೊಂದು ಬದಿಗಿದೆ. ಶಿವನ ಗುಹೆ, ಆರನೇ ಶತಮಾನದ್ದು. ಒಳಗೆ ಎಡಗಡೆಯ ಕೋಣೆಯಲ್ಲಿ ಹತ್ತು ಕೈಯ ಶಿವ ಕುಣಿಯುತ್ತಿದ್ದಾನೆ, ಸುತ್ತ ಸಪ್ತಮಾತೃಕೆಯರು. ಅವರ ಎತ್ತರದ ಕಿರೀಟ ನೋಡಿ, ಆಮೇಲೆ ಸೀರೆಯ ನೆರಿಗೆ ನೋಡಿ. ಒಂದೊಂದೂ ಉಗುರಿನಲ್ಲಿ ಗೀರಿದಷ್ಟು ತೆಳ್ಳಗೆ, ಮೇಲಿಂದ ಕೆಳಗೆ ಒಂದೇ ಅಳತೆ. ಮೀನಬಸದಿ ನೋಡಿದ ಮರುಗಳಿಗೆ ಇದನ್ನು ನೋಡುವುದು ಒಳ್ಳೆಯದು. ದೇವರು ಬೇರೆ, ಕೆಲಸದ ಪಳಗುವಿಕೆ ಒಂದೇ ಎಂದು ಅಲ್ಲೇ ನಿಂತು ಹೇಳಬಹುದು. ಬಾದಾಮಿಯ ಮೂರು, ನಾಲ್ಕನೇ ಗುಹೆಗಳನ್ನು ನೋಡುವಾಗಲೂ ನನಗೆ ಹೀಗೇ ಅನ್ನಿಸಿತ್ತು, ಇಲ್ಲಿ ಖಾತ್ರಿಯಾಯಿತು.

ದುರ್ಗ ಗುಡಿ, ಲಾಡಖಾನ್ ಗುಡಿ ಇರುವ ಆವರಣವನ್ನು ಕೊನೆಗಿಟ್ಟುಕೊಳ್ಳಿ, ಅಲ್ಲಿ ಮರದ ನೆರಳಿದೆ. ವಾಪಸ್ ಬರುತ್ತಾ ಇಳಿಹೊತ್ತಿನಲ್ಲಿ ಪಟ್ಟದಕಲ್ಲು. 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಎಲ್ಲಾ ಕಟ್ಟಿದ ಗುಡಿಗಳೇ. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಬಿಡುತ್ತೇನೆ.

ಖಣ ಬೇಕು ಎನ್ನುವವರು ಜೊತೆಗಿದ್ದರೆ ಮೂರನೇ ದಿನ ಬೆಳಿಗ್ಗೆ ಗುಳೇದಗುಡ್ಡಕ್ಕೆ ಹೋಗಿ ಬನ್ನಿ, ಹತ್ತಿರವೇ ಇದೆ. ಮಗ್ಗದವರ ಹತ್ತಿರವೇ ರವಿಕೆ ಬಟ್ಟೆ ಕೊಳ್ಳಬಹುದು. ವಾಪಸ್ ರೈಲಿಗೆ ಹೊರಡುವಾಗಲೇ ಟಿಕೆಟ್ ಮಾಡಿಸಿ, ವಯಸ್ಸಾದವರಿಗೆ ಕೆಳಗಿನ ಬರ್ತ್ ಕೇಳಿ. ಅರಸೀಕೆರೆಯಲ್ಲಿ ಇಳಿಯುವ ಹೊತ್ತಿಗೆ ಸ್ವೆಟರ್ ಕೈಗೆ ಸಿಗುವ ಹಾಗೆ ಬ್ಯಾಗಿನ ಮೇಲ್ಗಡೆ ಇಟ್ಟುಕೊಳ್ಳಿ. ಸೋಮವಾರಪೇಟೆ ತಲುಪುವಾಗ ಕೊಡೆಯೂ ಬೇಕಾಗಬಹುದು.