ಮೂವತ್ತು ದಿನ ಮುಂಚೆ ಸಾಕಾ?

ತುಮಕೂರು, 12 ಜೂನ್ 2025, ಗುರುವಾರ

ಅಂತರಸನಹಳ್ಳಿಯ ಅಕೌಂಟೆಂಟ್ ಮೇಡಂ ಸಂಜೆ ಫೋನ್ ಮಾಡಿದ್ದರು. "ಸರ್, ಅಗ್ರಿಮೆಂಟ್ ಮುಗಿಯೋಕೆ ಮೂವತ್ತು ದಿನ ಇದೆ ಅನ್ನೋವಾಗ ತಾನಾಗೇ ಒಂದು ಮೇಲ್ ಬಂದ್ರೆ ಸಾಕಲ್ವಾ?"

ಸಾಕಾಗಲ್ಲ. ಜನರೇಟರ್‌ನ ಎಎಂಸಿ (ವಾರ್ಷಿಕ ನಿರ್ವಹಣೆ ಕರಾರು) ಕಾಗದದ ಕೊನೇ ಪುಟ ಓದಿ ಮೇಡಂ ಅಂದೆ. ಓದಿದರು: ಬೇಡವಾದರೆ 60 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು, ಇಲ್ಲದಿದ್ದರೆ ಇನ್ನೊಂದು ವರ್ಷ ಮುಂದುವರಿಯುತ್ತದೆ. ಅಂದರೆ 2026ರ ಮಾರ್ಚ್ 31ಕ್ಕೆ ಮುಗಿಯೋ ಕರಾರಿಗೆ ಅಸಲಿ ಗಡುವು ಜನವರಿ 30. ಮಾರ್ಚ್ 1ಕ್ಕೆ ಬರೋ ಮೇಲ್ ಇಟ್ಕೊಂಡು ಏನು ಮಾಡೋದು?

ಆದ್ದರಿಂದ ಗೂಗಲ್ ಶೀಟ್‌ನಲ್ಲಿ ಮುಗಿಯುವ ದಿನದ ಪಕ್ಕ ನೋಟಿಸ್ ದಿನಗಳ ಕಾಲಂ ಬೇಕು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಗಡುವು. ಮೇಲ್ ಹೋಗಬೇಕಾದದ್ದು ಆ ಗಡುವಿಗಿಂತ 30 ದಿನ ಮುಂಚೆ. ಕೊನೆಗೆ 'ಕಳಿಸಿದ ದಿನ' ಅಂತ ಒಂದು ಖಾಲಿ ಕಾಲಂ, ಮೇಲ್ ಹೋದ ಮೇಲೆ ಸ್ಕ್ರಿಪ್ಟೇ ಅದನ್ನು ತುಂಬಬೇಕು.

ಮೇಲ್ ಕಳಿಸೋದು ಆಪ್ಸ್ ಸ್ಕ್ರಿಪ್ಟ್, ಅಂದರೆ ಶೀಟ್‌ಗೆ ಜೋಡಿಸೋ ಪುಟ್ಟ ಪ್ರೋಗ್ರಾಂ. ಅದರಲ್ಲಿ ಎಲ್ಲರೂ ಬರೆಯೋದು 'ಗಡುವಿಗೆ ಉಳಿದ ದಿನ 30ಕ್ಕೆ ಸಮವಾದರೆ ಕಳಿಸು' ಅಂತ. ಅಲ್ಲೇ ಕೆಡೋದು. ಇವತ್ತಿನ ದಿನಾಂಕದ ಜೊತೆ ಗಂಟೆ ನಿಮಿಷವೂ ಅಂಟಿಕೊಂಡಿರುತ್ತದೆ, ಕಳೆದಾಗ 29.6 ಬರುತ್ತದೆ, 30 ಬರೋದೇ ಇಲ್ಲ. ಮೊದಲು ಗಂಟೆಯನ್ನು ಸೊನ್ನೆ ಮಾಡಬೇಕು. ಅಷ್ಟು ಮಾಡಿದರೂ ಆ ಒಂದು ದಿನ ಸ್ಕ್ರಿಪ್ಟ್ ಕೈಕೊಟ್ಟರೆ ಆ ಸಾಲು ಹೋದಂತೆಯೇ. '30 ಅಥವಾ ಅದಕ್ಕಿಂತ ಕಡಿಮೆ, ಜೊತೆಗೆ ಕಳಿಸಿದ ದಿನ ಖಾಲಿ' ಅಂತ ಷರತ್ತು ಹಾಕಿದರೆ ಮಾರನೇ ದಿನವಾದರೂ ಹೋಗುತ್ತದೆ. ಸ್ಕ್ರಿಪ್ಟನ್ನು ತಾನಾಗೇ ಓಡಿಸೋ ಟ್ರಿಗರ್ ದಿನಕ್ಕೊಮ್ಮೆ, ಬೆಳಿಗ್ಗೆ ಎಂಟರಿಂದ ಒಂಬತ್ತು. ಆ ಗಂಟೆಯೊಳಗೆ ಯಾವಾಗ ಬೇಕಾದರೂ ಓಡುತ್ತದೆ. ಸಾಮಾನ್ಯ ಜಿಮೇಲ್‌ನಲ್ಲಿ ಸ್ಕ್ರಿಪ್ಟ್ ಮೂಲಕ ಕಳಿಸಲು ದಿನಕ್ಕೆ 100 ವಿಳಾಸದ ಮಿತಿ, ನಮಗೆ ಧಾರಾಳ.

ಅಯ್ಯೋ, ಲೊಕೇಲ್! ಅಂದರೆ ಶೀಟ್ ಯಾವ ದೇಶದ ರೀತಿಯಲ್ಲಿ ದಿನಾಂಕ ಓದಬೇಕು ಅನ್ನೋ ಸೆಟ್ಟಿಂಗ್. ಶೀಟ್ ಯುನೈಟೆಡ್ ಸ್ಟೇಟ್ಸ್‌ನಲ್ಲಿದ್ದರೆ 25/04 ಅನ್ನೋದು ದಿನಾಂಕವೇ ಆಗದೆ ಬರೀ ಅಕ್ಷರದಂತೆ ಎಡಕ್ಕೆ ಕೂರುತ್ತದೆ, ಕಣ್ಣಿಗೆ ಬೀಳುತ್ತದೆ. 05/04 ಮಾತ್ರ ಸದ್ದಿಲ್ಲದೆ ಮೇ 4 ಆಗಿಬಿಡುತ್ತದೆ. ಆಮೇಲೆ ಇಂಡಿಯಾ ಅಂತ ಬದಲಾಯಿಸಿದರೂ ಅದು ಮೇ 4 ಆಗಿಯೇ ಉಳಿಯುತ್ತದೆ. ಫೈಲ್, ಸೆಟ್ಟಿಂಗ್ಸ್‌ಗೆ ಹೋಗಿ ಇದನ್ನು ಸರಿಮಾಡಿದ ಮೇಲೇ ಟೈಪ್ ಮಾಡಲು ಕೂರಬೇಕು.

ಟ್ರಿಗರ್ ಇರೋದು ಅದನ್ನು ಹಾಕಿದವರ ಅಕೌಂಟಿನಲ್ಲಿ. ಅವರು ಕೆಲಸ ಬಿಟ್ಟು ಅಕೌಂಟ್ ಮುಚ್ಚಿದರೆ ಮೇಲ್‌ಗಳೂ ಬಂದ್. ಮೇಲ್ ಬರದಿದ್ದರೆ ಗಡುವಿಲ್ಲ ಅಂತಲೋ, ಸ್ಕ್ರಿಪ್ಟ್ ಸತ್ತಿದೆ ಅಂತಲೋ? ಹಾಗಾಗಿ ಆಫೀಸಿನ ಐಡಿಯಿಂದಲೇ ಹಾಕಿಸಿ, ಸೋಮವಾರ ಮಾತ್ರ 'ಈ ವಾರ ಯಾವುದೂ ಇಲ್ಲ' ಅನ್ನೋ ಮೇಲ್ ಕೂಡ ಹೋಗಲಿ ಅಂದೆ. "ಅದನ್ನ ಯಾರು ಓದ್ತಾರೆ ಸರ್?" ಅಂದರು. ಓದಬೇಕಿಲ್ಲ, ಬಂತಾ ಅಂತ ನೋಡಿದರೆ ಆಯಿತು.

ಫೋನ್ ಇಡೋ ಮುಂಚೆ, ಬ್ಯಾಂಕ್ ಗ್ಯಾರಂಟಿಗಳನ್ನೂ (ಒಬ್ಬರು ಮಾತು ತಪ್ಪಿದರೆ ದುಡ್ಡು ನಾನು ಕೊಡುತ್ತೇನೆ ಅಂತ ಬ್ಯಾಂಕ್ ಕೊಡೋ ಪತ್ರ) ಇದಕ್ಕೇ ಸೇರಿಸ್ಲಾ ಅಂತ ಕೇಳಿದರು. ಸೇರಿಸಬಹುದು. ಆದರೆ ಅದರಲ್ಲಿ ಅವಧಿ ಮುಗಿಯುವ ದಿನ ಒಂದು, ಕ್ಲೇಮ್ ಹಾಕಲು ಕೊನೇ ದಿನ ಇನ್ನೊಂದು ಇರುತ್ತದೆ. ನಾವು ಪಡೆದ ಗ್ಯಾರಂಟಿಯಾದರೆ ಮುಗಿಯುವ ಮುಂಚೆಯೇ ವಿಸ್ತರಣೆ ಕೇಳಬೇಕು, ನಾವು ಕೊಟ್ಟದ್ದಾದರೆ ಅದಕ್ಕಾಗಿ ಬ್ಯಾಂಕಿನಲ್ಲಿಟ್ಟ ಮಾರ್ಜಿನ್ ದುಡ್ಡು ಬಿಡಿಸಿಕೊಳ್ಳಬೇಕು, ಅಂದರೆ ಎರಡಕ್ಕೂ ಬೇರೆ ಬೇರೆ ಶೀಟ್ ಮಾಡೋದಾ ಅಥವಾ ಇದರಲ್ಲೇ ಇನ್ನೊಂದು ಕಾಲಂ…