ಗ್ಯಾಲೆಕ್ಟಿನ್: ಆಕಾರದ ಲೆಕ್ಕ, ವಂಶದ ಲೆಕ್ಕ

ಗ್ಯಾಲೆಕ್ಟಿನ್ ಎಂದರೆ ಗ್ಯಾಲಕ್ಟೋಸ್ ಇರುವ ಸಕ್ಕರೆಗಳನ್ನು ಹಿಡಿಯುವ ಪ್ರೋಟೀನು. ಆಕಾರ ನೋಡಿ ಪ್ರೋಟೋಟೈಪ್ (ಸಕ್ಕರೆ ಹಿಡಿಯುವ ಭಾಗ ಒಂದೇ), ಕೈಮೆರಾ (ಆ ಭಾಗಕ್ಕೊಂದು ಬಾಲ), ಟ್ಯಾಂಡಮ್ ರಿಪೀಟ್ (ಅಂಥ ಎರಡು ಭಾಗ ಸಾಲಾಗಿ) ಅಂತ ಮೂರು ಗುಂಪು ಬರೆದರೆ ಎಂ.ಎಸ್ಸಿ. ಪರೀಕ್ಷೆಯಲ್ಲಿ ಅಂಕ ಬೀಳುತ್ತವೆ. ಆದರೆ ಆ ವಿಂಗಡಣೆಯಿಂದ ಯಾವುದು ಯಾವುದಕ್ಕೆ ಹತ್ತಿರದ ಸಂಬಂಧಿ ಅನ್ನುವುದು ತಿಳಿಯುವುದಿಲ್ಲ.

ಎಲ್ಲ ಗ್ಯಾಲೆಕ್ಟಿನ್‌ಗಳಿಗೂ ಮೂಲ ಘಟಕ ಒಂದೇ: ಸಕ್ಕರೆ ಹಿಡಿಯುವ, ಸುಮಾರು 130 ಅಮೈನೋ ಆಮ್ಲಗಳ ಡೊಮೇನ್, ಅಂದರೆ ಪ್ರೋಟೀನಿನಲ್ಲಿ ತಾನೇ ಮಡಚಿಕೊಳ್ಳುವ ಭಾಗ. ಅದರಲ್ಲಿ ಅಮೈನೋ ಆಮ್ಲದ ಸರಪಳಿಯೇ ಎಳೆಎಳೆಯಾಗಿ ಸೇರಿ ಹಾಳೆಯಾಗುತ್ತದೆ: ಐದು ಎಳೆಗಳ (ಎಫ್1ರಿಂದ ಎಫ್5) ಎಫ್ ಹಾಳೆಯೂ ಆರು ಎಳೆಗಳ ಎಸ್ ಹಾಳೆಯೂ ಎದುರುಬದುರು ಕೂತಿರುತ್ತವೆ. ಸಕ್ಕರೆ ಕೂರುವುದು ಎಸ್ ಹಾಳೆಯ ತಗ್ಗಿನಲ್ಲಿ. ಗ್ಯಾಲೆಕ್ಟಿನ್-1ರಲ್ಲಿ 44ನೇ ಹಿಸ್ಟಿಡೀನ್, 46ನೇ ಆಸ್ಪರಜೀನ್, 48ನೇ ಆರ್ಜಿನೀನ್ ಸೇರಿ ಗ್ಯಾಲಕ್ಟೋಸಿನ 4ನೇ ಹೈಡ್ರಾಕ್ಸಿಲನ್ನು ಹಿಡಿಯುತ್ತವೆ. ಗ್ಲೂಕೋಸಿನಲ್ಲಿ ಅದು ಬೇರೆ ದಿಕ್ಕಿಗಿರುತ್ತದೆ, ಹಿಡಿತ ಸಿಗುವುದಿಲ್ಲ. ಈ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕಿಲ್ಲವಾದ್ದರಿಂದ ಬಫರಿಗೆ ಕ್ಯಾಲ್ಸಿಯಂ ಹಿಡಿದಿಡುವ ಇ.ಡಿ.ಟಿ.ಎ. ಧಾರಾಳವಾಗಿ ಹಾಕಬಹುದು.

ಗ್ಯಾಲೆಕ್ಟಿನ್-1 ಬೇರ್ಪಡಿಸಿ ತೆಗೆಯಬೇಕೆಂದರೆ, ಬಾಗಲಕೋಟೆಯಲ್ಲಿ ಆಡಿನ ಹೃದಯ ಬೆಳಿಗ್ಗೆ ಮಟನ್ ಅಂಗಡಿಯಲ್ಲೇ ಸಿಗುತ್ತದೆ. ಕೊಯ್ದ ಕೂಡಲೇ ಐಸಿನಲ್ಲಿಡಿ. ಅರೆಯುವ ಬಫರಿನಲ್ಲಿ 100 ಮಿಲಿಮೋಲಾರ್ ಲ್ಯಾಕ್ಟೋಸ್, 4 ಮಿಲಿಮೋಲಾರ್ ಬೀಟಾ-ಮರ್ಕ್ಯಾಪ್ಟೊಇಥೆನಾಲ್ ಇರಲಿ. ಲ್ಯಾಕ್ಟೋಸ್ ಬಿಟ್ಟರೆ ಪ್ರೋಟೀನು ಅಂಗಾಂಶದ ಸಕ್ಕರೆಗಳಿಗೇ ಅಂಟಿಕೊಂಡು ಸೆಂಟ್ರಿಫ್ಯೂಜಿನ ಗಷ್ಟಿನಲ್ಲಿ ಉಳಿದುಬಿಡುತ್ತದೆ. ಸಕ್ಕರೆ ಕೂರಿಸಿದ ಕಾಲಮ್ಮಿಗೆ (ಪ್ರೋಟೀನು ಹಿಡಿದು ಬೇರ್ಪಡಿಸುವ ಕೊಳವೆ) ಹಾಕುವ ಮುನ್ನ ಅದೇ ಲ್ಯಾಕ್ಟೋಸನ್ನು ಡಯಾಲಿಸಿಸ್ ಮಾಡಿ, ಅಂದರೆ ಪೊರೆಯ ಮೂಲಕ ಸೋಸಿ, ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಪ್ರೋಟೀನು ನೇರ ಸೋರಿಹೋಗುತ್ತದೆ. ಉತ್ಕರ್ಷಣ ತಡೆಯುವ ಮರ್ಕ್ಯಾಪ್ಟೊಇಥೆನಾಲ್ ಆಯಾ ದಿನವೇ ಬೆರೆಸಿ. ಗ್ಯಾಲೆಕ್ಟಿನ್-1ರ ಆರು ಸಿಸ್ಟೀನ್‌ಗಳು ಗಾಳಿಗೆ ಉತ್ಕರ್ಷಣಗೊಂಡು ಡೈಸಲ್ಫೈಡ್ ಬಂಧ ಕಟ್ಟಿಕೊಂಡರೆ ಬ್ಯಾಂಡು ಜೆಲ್ಲಿನಲ್ಲಿ 14–15 ಕಿಲೋಡಾಲ್ಟನ್ ಹತ್ತಿರ ಚಂದವಾಗೇ ಕಾಣುತ್ತದೆ, ಪ್ರೋಟೀನು ಕೆಲಸ ಮಾಡುತ್ತಿದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ರಕ್ತಕಣ ಮಾತ್ರ ಗುಂಪುಗೂಡುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಕರೆಂಟ್ ಹೋದ ಫ್ರಿಜ್ಜಿನಲ್ಲಿ, ಇದು ಇನ್ನೂ ಬೇಗ ಆಗುತ್ತದೆ ನೋಡ್ರಿ.

ಇನ್ನು ವಂಶ. ಕಶೇರುಕಗಳಲ್ಲಿ (ಬೆನ್ನೆಲುಬಿನ ಪ್ರಾಣಿಗಳಲ್ಲಿ) ಡೊಮೇನಿನ ಜೀನನ್ನು ಒಂದು ಇಂಟ್ರಾನ್ (ಪ್ರೋಟೀನಿಗೆ ಅನುವಾದವಾಗದ ನಡುವಿನ ತುಂಡು) ಎಲ್ಲಿ ಕತ್ತರಿಸುತ್ತದೆ ಎಂಬುದೇ ಗುರುತು: ಎಫ್4 ಎಳೆಯಲ್ಲೋ, ಎಫ್3ರಲ್ಲೋ. ಟ್ಯಾಂಡಮ್ ಬಗೆಯವುಗಳಲ್ಲಿ ಮೊದಲ ಡೊಮೇನ್ ಎಫ್4, ಎರಡನೆಯದು ಎಫ್3. ಕಾರ್ಡೇಟುಗಳ (ಕಶೇರುಕಗಳೂ ಸೇರಿದ ಪ್ರಾಣಿಗಳ ದೊಡ್ಡ ಗುಂಪು) ಇತಿಹಾಸದ ಆರಂಭದಲ್ಲೇ ಒಂದು ಡೊಮೇನ್ ಇಮ್ಮಡಿಯಾದದ್ದರ ಗುರುತಿದು. ಗ್ಯಾಲೆಕ್ಟಿನ್-1, 7 ಎರಡೂ ಪ್ರೋಟೋಟೈಪ್, ಆದರೆ 1 ಎಫ್3 ಕಡೆಯದು, 7 ಎಫ್4 ಕಡೆಯದು. ಕೈಮೆರಾ ಎನಿಸಿಕೊಂಡ ಗ್ಯಾಲೆಕ್ಟಿನ್-3 ಕೂಡ ಎಫ್3, ಅಂದರೆ 1ರ ಬಳಗದ್ದು.

ಹಾಗಾಗಿ ವಂಶವೃಕ್ಷ ಕಟ್ಟುವವರು ಪೂರ್ತಿ ಪ್ರೋಟೀನನ್ನು ಅಲೈನ್‌ಮೆಂಟಿಗೆ (ಅಮೈನೋ ಆಮ್ಲಗಳ ಸಾಲುಗಳನ್ನು ಹೊಂದಿಸಿ ಹೋಲಿಸುವುದಕ್ಕೆ) ಹಾಕಬಾರದು. ಟ್ಯಾಂಡಮ್ ಬಗೆಯವನ್ನು ಎರಡಾಗಿ ತುಂಡರಿಸಿ ಬೇರೆ ಬೇರೆ ಹೆಸರು ಕೊಡಿ. ಮನುಷ್ಯನ ಗ್ಯಾಲೆಕ್ಟಿನ್-3ರ ಮೊದಲ 110ರಷ್ಟು ಅಮೈನೋ ಆಮ್ಲಗಳ ಪ್ರೋಲಿನ್-ಗ್ಲೈಸಿನ್ ಬಾಲ ತೆಗೆದುಬಿಡಿ.