ಕಾರ್ಮಿಕ ಇಲಾಖೆಯ ಬೇಡಿಕೆ ಓದುವಾಗ: ‘ಖರ್ಚಾಗಿದೆ’ ಅಂದರೆ ಏನಾಗಿದೆ?

ಲೋಕಸಭೆಯಲ್ಲಿ ವರ್ಷಕ್ಕೆ ಬೆರಳೆಣಿಕೆಯ ಸಚಿವಾಲಯಗಳ ಅನುದಾನ ಬೇಡಿಕೆಗಳು (ವರ್ಷದ ಖರ್ಚಿಗೆ ಸದನದ ಒಪ್ಪಿಗೆ ಕೇಳುವ ಪಟ್ಟಿಗಳು) ಮಾತ್ರ ಚರ್ಚೆಗೆ ಬರುತ್ತವೆ. ಉಳಿದದ್ದೆಲ್ಲ ಕೊನೆಯ ದಿನ ಗಿಲೊಟಿನ್‌ಗೆ ಹೋಗುತ್ತದೆ: ಸ್ಪೀಕರ್ ಬಾಕಿ ಬೇಡಿಕೆಗಳನ್ನು ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಒಂದು ಧ್ವನಿಮತದಲ್ಲಿ ಎಲ್ಲವೂ ಮುಗಿಯುತ್ತದೆ. ಕಾರ್ಮಿಕ ಸಚಿವಾಲಯ ಸಾಮಾನ್ಯವಾಗಿ ಈ ಗುಂಪಿನಲ್ಲೇ ಇರುತ್ತದೆ. ರಾಜ್ಯದಲ್ಲೂ ಪರಿಸ್ಥಿತಿ ಬಹಳ ಬೇರೆಯಲ್ಲ. ಸಂವಿಧಾನದ 203ನೇ ವಿಧಿಯ ಪ್ರಕಾರ ವಿಧಾನಸಭೆ ಒಂದು ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿತ ಮಾಡಬಹುದು, ಹೆಚ್ಚಿಸುವ ಹಾಗಿಲ್ಲ. ಹಾಗಾಗಿ ಕಟ್ಟಡ ಕಾರ್ಮಿಕರಿಗೆ ಇನ್ನಷ್ಟು ಹಣ ಬೇಕು ಎನ್ನುವ ಸದಸ್ಯರೂ ಕಡಿತ ಸೂಚನೆಯನ್ನೇ ಮಂಡಿಸಬೇಕು. ಲೋಕಸಭೆಯಲ್ಲಾದರೆ ಸಾಂಕೇತಿಕ ಕಡಿತದ ಮೊತ್ತ 100 ರೂಪಾಯಿ. ಹೆಚ್ಚು ಕೊಡಿ ಎನ್ನಲು ನೂರು ರೂಪಾಯಿ ಕಡಿಮೆ ಮಾಡಿ ಎನ್ನಬೇಕಾದ ವ್ಯವಸ್ಥೆ ಇದು.

ನಿಜವಾದ ಪರಿಶೀಲನೆ ಆಗುವುದು ಸಮಿತಿಗಳ ಕೋಣೆಯಲ್ಲಿ ಮತ್ತು ಪ್ರಶ್ನೆಗಳ ಉತ್ತರ ಪ್ರತಿಯಲ್ಲಿ. ಶಾಸಕರಿಗೆ ಟಿಪ್ಪಣಿ ಬರೆಯುವವರು, ಸಂಘಟನೆಯ ಕಚೇರಿಯಲ್ಲಿ ಬಜೆಟ್ ಪುಸ್ತಕ ತಿರುವುವವರು, ಜಿಲ್ಲಾ ವರದಿಗಾರರು: ಇವರಿಗೆ ಉಪಯೋಗ ಆಗಲಿ ಎಂದು ಕೆಲವು ವಿಷಯ ಬರೆಯುತ್ತಿದ್ದೇನೆ. ನನ್ನ ಮುಖ್ಯ ತಕರಾರು ಇಷ್ಟೇ. ‘ಎಷ್ಟು ಶೇಕಡಾ ಖರ್ಚಾಗಿದೆ’ ಎಂಬ ಒಂದೇ ಅಳತೆಗೋಲನ್ನು ಹಿಡಿದು ಕಾರ್ಮಿಕ ಯೋಜನೆಗಳನ್ನು ಅಳೆದರೆ ಒಳ್ಳೆಯದು ಕೆಟ್ಟದ್ದಾಗಿಯೂ ಕೆಟ್ಟದ್ದು ಒಳ್ಳೆಯದಾಗಿಯೂ ಕಾಣುತ್ತದೆ.

ಮೊದಲು ಯಾವ ಸಾಲನ್ನು ಓದಬೇಕು ಎಂಬುದು ಗೊತ್ತಿರಬೇಕು. ಕಾರ್ಮಿಕ, ಉದ್ಯೋಗ ಮತ್ತು ಕೌಶಲ್ಯಾಭಿವೃದ್ಧಿಯ ರಾಜಸ್ವ ವೆಚ್ಚದ ಪ್ರಧಾನ ಲೆಕ್ಕ ಶೀರ್ಷಿಕೆ 2230. ಅದರ ಕೆಳಗೆ 01 ಕಾರ್ಮಿಕ, 02 ಉದ್ಯೋಗ ಸೇವೆ, 03 ತರಬೇತಿ. ಸಾಮಾನ್ಯ ಕಾರ್ಮಿಕ ಕಲ್ಯಾಣ 01ರ ಕೆಳಗಿನ ಕಿರು ಶೀರ್ಷಿಕೆ 103ರಲ್ಲಿ ಸಿಗುತ್ತದೆ. ಗ್ರಾಮೀಣ ಉದ್ಯೋಗ ಇಲ್ಲಿಲ್ಲ, ಅದು 2505. ಬಹಳ ಜನ ಎಡವುವುದು ಇಲ್ಲೇ: ಒಂದೇ ಯೋಜನೆಯ ಹಣ ಮೂರ್ನಾಲ್ಕು ಕಡೆ ಹಂಚಿಹೋಗಿರುತ್ತದೆ. ಪರಿಶಿಷ್ಟ ಜಾತಿ ಉಪಯೋಜನೆಯ ಪಾಲು 789ರಲ್ಲಿ, ಬುಡಕಟ್ಟು ಉಪಯೋಜನೆಯದು 796ರಲ್ಲಿ, ಕೇಂದ್ರ ಬಜೆಟ್ಟಿನಲ್ಲಾದರೆ ಈಶಾನ್ಯ ರಾಜ್ಯಗಳ ಪಾಲು 2552ರಲ್ಲಿ. 103ರ ಸಾಲನ್ನಷ್ಟೇ ನೋಡಿ ‘ಅನುದಾನ ಕಡಿತ’ ಎಂದು ಪತ್ರಿಕಾ ಹೇಳಿಕೆ ಕೊಟ್ಟರೆ ಇಲಾಖೆ ಮರುದಿನವೇ ಉಳಿದ ಸಾಲುಗಳನ್ನು ತೋರಿಸಿ ಬಾಯಿ ಮುಚ್ಚಿಸುತ್ತದೆ.

ನಂತರ ಮೂರು ಕಾಲಂ: ಆಯವ್ಯಯ ಅಂದಾಜು (ವರ್ಷಾರಂಭದಲ್ಲಿ ಇಟ್ಟದ್ದು), ಪರಿಷ್ಕೃತ ಅಂದಾಜು (ವರ್ಷದ ನಡುವೆ ತಿದ್ದಿದ್ದು), ವಾಸ್ತವ ವೆಚ್ಚ. ಈ ಮೂರೂ ಒಂದೇ ವರ್ಷದ್ದಾಗಿ ಒಂದೇ ಪುಟದಲ್ಲಿ ಸಿಗುವುದಿಲ್ಲ. ವಾಸ್ತವ ಎರಡು ವರ್ಷ ಹಿಂದಿನದ್ದು. ಆದ್ದರಿಂದ ಮೂರು ವರ್ಷದ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲನ್ನು ಜೋಡಿಸಬೇಕು. ಇಲಾಖೆಗಳ ಅಚ್ಚುಮೆಚ್ಚಿನ ಲೆಕ್ಕವೊಂದಿದೆ, ಪರಿಷ್ಕೃತ ಅಂದಾಜಿಗೆ ಹೋಲಿಸಿ ಪ್ರಗತಿ ಹೇಳುವುದು. 100 ಕೋಟಿ ಇಟ್ಟು, ಡಿಸೆಂಬರ್‌ನಲ್ಲಿ ಅದನ್ನು 40ಕ್ಕೆ ಇಳಿಸಿ, 38 ಖರ್ಚು ಮಾಡಿದರೆ ‘ಶೇ 95ರಷ್ಟು ಸಾಧನೆ’. ಸದನ ಒಪ್ಪಿದ್ದು 100ನ್ನು, ಆದ್ದರಿಂದ ಸಾಧನೆ ಶೇ 38. ಉತ್ತರದಲ್ಲಿ ಶೇಕಡಾವಾರು ಕಂಡ ಕೂಡಲೇ ಛೇದ ಯಾವುದು ಎಂದು ಕೇಳಿ.

ಈಗ ಹೊಸ ನೇಮಕಾತಿಗೆ ಹಣ ಕೊಡುವ ಕೇಂದ್ರದ ಉದ್ಯೋಗ ಪ್ರೋತ್ಸಾಹ ಯೋಜನೆಯನ್ನು ಹತ್ತಿರದಿಂದ ನೋಡೋಣ. 2024ರ ಜುಲೈ 23ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಆ ವರ್ಷಕ್ಕೆ 10,000 ಕೋಟಿ ರೂಪಾಯಿ ಇಟ್ಟರು. ಕೇಂದ್ರ ಸಂಪುಟ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2025ರ ಜುಲೈ 1ರಂದು, ಅಂದರೆ ಆ ಹಣಕಾಸು ವರ್ಷ ಮುಗಿದು ಮೂರು ತಿಂಗಳಾದ ಮೇಲೆ. ಮಾರ್ಗಸೂಚಿಯೇ ಇಲ್ಲದ ಯೋಜನೆಗೆ ಸದನದಿಂದ ಮಂಜೂರಾತಿ ಪಡೆದದ್ದು ನಿಜವಾದ ಆಕ್ಷೇಪದ ವಿಷಯ, ಅದನ್ನು ಆ ವರ್ಷವೇ ಕೇಳಬೇಕಿತ್ತು. 2025–26ಕ್ಕೆ 20,000 ಕೋಟಿ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ ಎಂಬ ಹೆಸರಿನಲ್ಲಿ ಅದು ಶುರುವಾದದ್ದು 2025ರ ಆಗಸ್ಟ್ 1ರಿಂದ. ಮೊದಲ ಬಾರಿ ಭವಿಷ್ಯನಿಧಿಗೆ ಸೇರಿದವರಿಗೆ ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ: ಆರು ತಿಂಗಳು ಕೆಲಸದಲ್ಲಿದ್ದ ಮೇಲೆ ಮೊದಲನೆಯದು, ಹನ್ನೆರಡು ತಿಂಗಳ ನಂತರ ಎರಡನೆಯದು. ಲೆಕ್ಕ ಹಾಕಿ ನೋಡಿ: ಆಗಸ್ಟ್ 1ರಂದೇ ಸೇರಿದವರಿಗೂ ಮೊದಲ ಕಂತಿನ ಅರ್ಹತೆ ಬರುವುದು ಜನವರಿ ಕೊನೆಗೆ. ಆ ವರ್ಷದಲ್ಲಿ ಹಣ ಹೊರಗೆ ಹೋಗಲು ಉಳಿದದ್ದು ಎರಡೇ ತಿಂಗಳು. ಹೀಗಿರುವಾಗ ‘20,000 ಕೋಟಿಯಲ್ಲಿ ಇಷ್ಟೇ ಖರ್ಚು’ ಎಂದು ಅಬ್ಬರಿಸುವುದರಲ್ಲಿ ಅರ್ಥವಿಲ್ಲ. ಮುಂದಿನ ವರ್ಷ ಖರ್ಚು ಏಕಾಏಕಿ ಏರಿದಾಗ ಅದನ್ನು ‘ಭರ್ಜರಿ ಉದ್ಯೋಗ ಸೃಷ್ಟಿ’ ಎಂದು ಹೊಗಳುವುದರಲ್ಲೂ ಇಲ್ಲ. ಹಿಂದಿನ ವರ್ಷದ ನೇಮಕಾತಿಯ ಬಿಲ್ ಅದು.

ಇಂಥ ಯೋಜನೆಯಲ್ಲಿ ಕೇಳಬೇಕಾದ್ದು ಬೇರೆ. ಉದ್ಯೋಗದಾತರಿಗಿರುವ ಪ್ರೋತ್ಸಾಹಧನ ಪಡೆಯಲು 50ಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆ ಕನಿಷ್ಠ 2, ಅದಕ್ಕಿಂತ ದೊಡ್ಡದು ಕನಿಷ್ಠ 5 ಮಂದಿಯನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಬೇಕು. ‘ಹೆಚ್ಚುವರಿ’ ಎಂಬುದನ್ನು ಯಾವ ತಿಂಗಳ ಹಾಜರಿಗೆ ಹೋಲಿಸಿ ನಿರ್ಧರಿಸುತ್ತಾರೆ? ಗುತ್ತಿಗೆದಾರನ ಹೆಸರಿನಲ್ಲಿದ್ದವರನ್ನೇ ತನ್ನ ಹೆಸರಿಗೆ ದಾಖಲಿಸಿಕೊಂಡರೆ ಅದು ಹೊಸ ಉದ್ಯೋಗವೇ? ಆರು ತಿಂಗಳ ಗಡಿ ದಾಟದೆ ಬಿಟ್ಟುಹೋದವರೆಷ್ಟು? ಮೊದಲ ಕಂತು ಪಡೆದವರಲ್ಲಿ ಎರಡನೆಯದಕ್ಕೆ ಅರ್ಹರಾದವರೆಷ್ಟು? ಕೊನೆಯ ಪ್ರಶ್ನೆಯ ಉತ್ತರವೊಂದೇ ಇಡೀ ಯೋಜನೆಯ ಬಗ್ಗೆ ಖರ್ಚಿನ ಕಾಲಂಗಿಂತ ಹೆಚ್ಚು ಹೇಳುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ನೌಕರರ ಪಿಂಚಣಿ ಯೋಜನೆಯ ಸಾಲು. ಸಂಬಳದ ಮಿತಿ 15,000 ರೂಪಾಯಿ. ಅದರ ಮೇಲೆ ಸರ್ಕಾರದ ಪಾಲು ಶೇ 1.16, ಅಂದರೆ ಸದಸ್ಯರೊಬ್ಬರಿಗೆ ತಿಂಗಳಿಗೆ ಗರಿಷ್ಠ 174 ರೂಪಾಯಿ. ಇದು ನಿಧಿಗೆ ವರ್ಗಾವಣೆ, ಯಾವ ಕೆಲಸವನ್ನೂ ಮಾಡಬೇಕಿಲ್ಲ, ಹಾಗಾಗಿ ಖರ್ಚು ಸಲೀಸಾಗಿ ಪೂರ್ತಿಯಾಗುತ್ತದೆ. ಹೊಸ ಉದ್ಯೋಗ ಯೋಜನೆ ಬರುವ ಮೊದಲು ಸಚಿವಾಲಯದ ಬಜೆಟ್ಟಿನಲ್ಲಿ ಅತಿ ದೊಡ್ಡ ಪಾಲು ಇದರದ್ದೇ. ಒಟ್ಟು ಸಚಿವಾಲಯದ ‘ಪ್ರಗತಿ’ ಚೆನ್ನಾಗಿ ಕಾಣಲು ಇದೊಂದೇ ಸಾಲು ಸಾಕು. ಇದನ್ನು ತೆಗೆದಿಟ್ಟು ಉಳಿದ ಯೋಜನೆಗಳ ಸರಾಸರಿ ಮಾಡಿ, ಚಿತ್ರ ಬದಲಾಗುತ್ತದೆ. ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 1,000 ರೂಪಾಯಿ ಎಂಬುದು ಯಾವ ಕಾಲಂನಲ್ಲೂ ಕಾಣಿಸುವುದಿಲ್ಲ.

ಮನರೇಗಾ ಕಲಿಸಿದ ಪಾಠ ಮೂರನೆಯ ಬಗೆಯದು. 2023–24ಕ್ಕೆ ಇಟ್ಟದ್ದು 60,000 ಕೋಟಿ, ಪರಿಷ್ಕೃತ ಅಂದಾಜು 86,000 ಕೋಟಿ. 2020–21ರಲ್ಲಿ 61,500 ಇದ್ದದ್ದು 1,11,500 ಆಯಿತು. ಹೀಗೆ ಮೊದಲೇ ಕಡಿಮೆ ಇಟ್ಟರೆ ವರ್ಷದ ಮಧ್ಯೆ ಹಣ ಮುಗಿಯುತ್ತದೆ, ಬಾಕಿ ಮುಂದಿನ ವರ್ಷದ ತಲೆಯ ಮೇಲೆ ಬೀಳುತ್ತದೆ, ಹೊಸ ವರ್ಷದ ಅನುದಾನದ ಒಂದು ಭಾಗ ಏಪ್ರಿಲ್‌ನಲ್ಲೇ ಹಳೆ ಕೂಲಿಗೆ ಹೋಗುತ್ತದೆ. ಖರ್ಚು ಶೇ 100 ದಾಟಿದ್ದೂ ಇಲ್ಲಿ ವೈಫಲ್ಯದ ಲಕ್ಷಣ. ಕೂಲಿ 15 ದಿನದೊಳಗೆ ಬರಬೇಕಿತ್ತು, ತಡವಾದರೆ ದಿನಕ್ಕೆ ಶೇ 0.05 ಪರಿಹಾರ. ಕರ್ನಾಟಕದ 2025–26ರ ದರ 370 ರೂಪಾಯಿ. ಆರು ದಿನದ ಕೂಲಿ 2,220. ಒಂದು ತಿಂಗಳು ತಡವಾದರೆ ಸಿಗುವ ಪರಿಹಾರ ಸುಮಾರು 33 ರೂಪಾಯಿ. ಬಾಕಿ ಉಳಿಸಿಕೊಳ್ಳುವುದು ಸರ್ಕಾರಕ್ಕೆ ಎಷ್ಟು ಅಗ್ಗ ನೋಡಿ.

ಇಷ್ಟೆಲ್ಲ ಸದನ ಮತ ಹಾಕುವ ಹಣದ ಮಾತಾಯಿತು. ಕಾರ್ಮಿಕ ಕಲ್ಯಾಣದ ದೊಡ್ಡ ಮೊತ್ತ ಆ ಮತದ ಹೊರಗಿದೆ, ನನ್ನ ಮಟ್ಟಿಗೆ ಇದೇ ಅತಿ ಮುಖ್ಯ ಸಂಗತಿ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣಕ್ಕೆಂದು ವಸೂಲು ಮಾಡುವ ಸೆಸ್ (ಉಪಕರ) ನಿರ್ಮಾಣ ವೆಚ್ಚದ ಶೇ 1. 50 ಲಕ್ಷದ ಕಟ್ಟಡಕ್ಕೆ 50,000. ನಕ್ಷೆ ಮಂಜೂರಾತಿ ವೇಳೆ ಸ್ಥಳೀಯ ಸಂಸ್ಥೆ ವಸೂಲು ಮಾಡುತ್ತದೆ, ಸರ್ಕಾರಿ ಕಾಮಗಾರಿಯಲ್ಲಿ ಬಿಲ್ಲಿನಿಂದ ಕಡಿತವಾಗುತ್ತದೆ, ನಂತರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಅಲ್ಲಿಂದ ಮುಂದೆ ಮದುವೆ ಸಹಾಯಧನ, ಶೈಕ್ಷಣಿಕ ನೆರವು, ಪಿಂಚಣಿ ಎಲ್ಲವೂ ಮಂಡಳಿಯ ತೀರ್ಮಾನ. ಇಲಾಖೆಯ ಬೇಡಿಕೆ ಪುಸ್ತಕದಲ್ಲಿ ಇದನ್ನು ಹುಡುಕಿದರೆ ಸಿಗುವುದಿಲ್ಲ. ಗಿಗ್ ಕಾರ್ಮಿಕರಿಗಾಗಿ (ಆ್ಯಪ್ ಮೂಲಕ ಡೆಲಿವರಿ, ಟ್ಯಾಕ್ಸಿಯಂಥ ಕೆಲಸ ಮಾಡುವವರು) 2025ರಲ್ಲಿ ರಾಜ್ಯ ತಂದ ಕಾಯ್ದೆಯ ಶೇ 1ರಿಂದ 5ರ ಕಲ್ಯಾಣ ಶುಲ್ಕಕ್ಕೂ ಮಂಡಳಿಯದೇ ದಾರಿ.

ಸೆಸ್ ಸೋರುವ ಜಾಗಗಳು ಗೊತ್ತಿರುವವೇ. ನಕ್ಷೆಯಲ್ಲಿ ವೆಚ್ಚ ಕಡಿಮೆ ತೋರಿಸುವುದು. ಕಟ್ಟಡ ಮುಗಿದ ಮೇಲೆ ಸೆಸ್ ಎಷ್ಟೆಂದು ಲೆಕ್ಕ ಹಾಕುವ ಅಂತಿಮ ನಿರ್ಧರಣೆಯನ್ನೇ ಮಾಡದಿರುವುದು. ವಸೂಲಾದದ್ದನ್ನು 30 ದಿನದೊಳಗೆ ಮಂಡಳಿಗೆ ಕಳಿಸದೆ ಸ್ಥಳೀಯ ಸಂಸ್ಥೆ ತನ್ನ ಖಾತೆಯಲ್ಲೇ ಇಟ್ಟುಕೊಳ್ಳುವುದು. ತಡವಾಗಿ ಕಟ್ಟುವವರಿಗೆ 1996ರ ಸೆಸ್ ಕಾಯ್ದೆಯಲ್ಲಿ ತಿಂಗಳಿಗೆ ಶೇ 2 ಬಡ್ಡಿ ಇತ್ತು. ವಸೂಲಾದ ಬಡ್ಡಿ ಎಷ್ಟು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ನಿರ್ಧರಣಾಧಿಕಾರಿಗಳು ಕೆಲಸ ಮಾಡಿದ್ದಾರೋ ಇಲ್ಲವೋ ಒಂದೇ ಅಂಕಿಯಲ್ಲಿ ತಿಳಿಯುತ್ತದೆ. ಖರ್ಚಿನ ಕಡೆ ಆಡಳಿತ ವೆಚ್ಚ ವರ್ಷದ ಒಟ್ಟು ವೆಚ್ಚದ ಶೇ 5 ಮೀರುವಂತಿರಲಿಲ್ಲ. ಇದರಲ್ಲೊಂದು ಚಮತ್ಕಾರವಿದೆ: ಒಟ್ಟು ವೆಚ್ಚ ಹಿಗ್ಗಿದರೆ ಮಿತಿಯೂ ಹಿಗ್ಗುತ್ತದೆ. ಕಾರ್ಮಿಕರಿಗೆ ಹಂಚಲು ಒಂದು ದೊಡ್ಡ ಕಿಟ್ ಖರೀದಿ ಮಾಡಿದರೆ ಖರ್ಚೂ ಏರಿತು, ಆಡಳಿತ ವೆಚ್ಚದ ಮಿತಿಯೂ ಏರಿತು. ಸುಪ್ರೀಂ ಕೋರ್ಟ್ 2018ರ ಮಾರ್ಚ್ 19ರ ತೀರ್ಪಿನಲ್ಲಿ ಕಾರ್ಮಿಕರ ಸೆಸ್ ಹಣದಲ್ಲಿ ವಾಷಿಂಗ್ ಮೆಷಿನ್, ಲ್ಯಾಪ್‌ಟಾಪ್ ಕೊಂಡದ್ದನ್ನು ಪ್ರಸ್ತಾಪಿಸಿತ್ತು. 2021ರ ಮಾರ್ಚ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವೂ ವಸ್ತು ಹಂಚಿಕೆ ಬಿಟ್ಟು ಖಾತೆಗೆ ನೇರ ಹಣ ಹಾಕಿ ಎಂದು ರಾಜ್ಯಗಳಿಗೆ ಬರೆಯಿತು. 2025ರ ನವೆಂಬರ್ 21ರಿಂದ ಈ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಸೆಸ್ ಮತ್ತು ಮಂಡಳಿಯ ಚೌಕಟ್ಟು ಅಲ್ಲಿಯೂ ಮುಂದುವರಿದಿದೆ. ಹಳೆ ವರ್ಷಗಳ ಲೆಕ್ಕ ಕೇಳುವಾಗ ಹಳೆ ಕಾಯ್ದೆಯ ಕಲಂ, ಹೊಸದಕ್ಕೆ ಸಂಹಿತೆಯ ಕಲಂ ನಮೂದಿಸಿ, ಇಲ್ಲದಿದ್ದರೆ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂಬ ಉತ್ತರ ಗ್ಯಾರಂಟಿ.

ಮತಕ್ಕೆ ಬಾರದ ಹಣವನ್ನು ಸದನ ಹಿಡಿಯುವುದು ಹೇಗೆ? ಸೆಸ್ ಕಾಯ್ದೆಯ ಜೊತೆಗೇ ಇದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ದಾರಿ ಇತ್ತು: ಮಂಡಳಿಯ ಲೆಕ್ಕವನ್ನು ಸಿಎಜಿ (ಭಾರತದ ಮಹಾಲೆಕ್ಕಪರಿಶೋಧಕರು) ಪರಿಶೋಧಿಸಬೇಕು, ವಾರ್ಷಿಕ ವರದಿ ಮತ್ತು ಲೆಕ್ಕಪರಿಶೋಧನಾ ವರದಿಯನ್ನು ಸರ್ಕಾರ ಸದನದ ಮುಂದಿಡಬೇಕು. ಆದ್ದರಿಂದ ಮೊದಲ ಪ್ರಶ್ನೆ ಖರ್ಚಿನದ್ದಲ್ಲ, ‘ಕೊನೆಯ ಬಾರಿ ಸದನದಲ್ಲಿ ಮಂಡಿಸಿದ ವರದಿ ಯಾವ ವರ್ಷದ್ದು’ ಎಂಬುದು. ಹಿಂದುಳಿದಿದ್ದರೆ ವಿಷಯವನ್ನು ಮಂಡಿಸಲಾದ ಕಾಗದಪತ್ರಗಳ ಸಮಿತಿಗೆ ಒಯ್ಯಬಹುದು.

ಪ್ರಶ್ನೆ ಬರೆಯುವ ರೀತಿಯಲ್ಲೇ ಅರ್ಧ ಗೆಲುವು. ‘ಕಳೆದ ಮೂರು ವರ್ಷಗಳಲ್ಲಿ ಕಾರ್ಮಿಕರ ಕಲ್ಯಾಣಕ್ಕೆ ಖರ್ಚಾದ ಮೊತ್ತವೆಷ್ಟು?’ ಎಂದರೆ ‘ಅನುಬಂಧದಲ್ಲಿ ಒದಗಿಸಿದೆ’ ಎಂದು ಮೂರು ಸಾಲಿನ ಪಟ್ಟಿ ಬರುತ್ತದೆ. ಅದರ ಬದಲು ಹೀಗೆ ಬರೆಯಿರಿ: ‘ಮಾರ್ಚ್ 31ಕ್ಕೆ ಇದ್ದಂತೆ ಶೈಕ್ಷಣಿಕ ಸಹಾಯಧನಕ್ಕೆ ಬಂದ ಅರ್ಜಿ, ಮಂಜೂರಾದವು, ಕಾರಣವಾರು ತಿರಸ್ಕೃತವಾದವು, ಮಂಜೂರಾಗಿಯೂ ಹಣ ಪಾವತಿಯಾಗದವು, 90 ದಿನ ಮೀರಿ ಬಾಕಿ ಇರುವವು, ಜಿಲ್ಲಾವಾರು ವಿವರ ನೀಡುವುದು.’ ಇದರಲ್ಲಿ ಮಂಜೂರಾತಿ ಮತ್ತು ಪಾವತಿಯನ್ನು ಬೇರ್ಪಡಿಸಿದ್ದೇ ಮುಖ್ಯ, ಏಕೆಂದರೆ ಇಲಾಖೆಯ ಭಾಷೆಯಲ್ಲಿ ಮಂಜೂರಾದದ್ದೂ ‘ನೀಡಲಾಗಿದೆ’ಯೇ. ಮಾರ್ಚ್ ಕೊನೆಯ ವಾರದಲ್ಲಿ ಖಜಾನೆಯಿಂದ ತೆಗೆದು ನಿಗಮದ ಬ್ಯಾಂಕ್ ಖಾತೆಗೆ ಹಾಕಿದ್ದೂ ಲೆಕ್ಕದಲ್ಲಿ ವೆಚ್ಚವೇ. ಕೇಂದ್ರದಲ್ಲಿ ಕೊನೆಯ ತ್ರೈಮಾಸಿಕಕ್ಕೆ ಶೇ 33, ಮಾರ್ಚ್ ಒಂದಕ್ಕೇ ಶೇ 15 ಎಂಬ ಮಿತಿ ಇದೆ. ತಿಂಗಳುವಾರು ವೆಚ್ಚ ಕೇಳಿದರೆ ಅದನ್ನು ಮೀರಿದ್ದು ತಾನಾಗಿ ಹೊರಬೀಳುತ್ತದೆ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬಂದರೆ ಬೇಸರ ಬೇಡ. ಸಂಸತ್ತಿನಲ್ಲಿ ಅಂಥ ಮಾತು ಭರವಸೆ ಎಂದು ದಾಖಲಾಗಿ ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿ ಸೇರುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು.

ಸಂಸತ್ತಿನ ಸ್ಥಾಯಿ ಸಮಿತಿಯ ಬಗ್ಗೆ ಒಂದು ಮಾತು. 1993ರಲ್ಲಿ 17 ಇದ್ದ ಇಲಾಖಾವಾರು ಸಮಿತಿಗಳು 2004ರಲ್ಲಿ 24 ಆದವು. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಕಾರ್ಮಿಕ, ಜವಳಿ ಮತ್ತು ಕೌಶಲ್ಯಾಭಿವೃದ್ಧಿಗೆ ಒಂದು ಸಮಿತಿ. ಬಜೆಟ್ ಅಧಿವೇಶನದ ಬಿಡುವಿನಲ್ಲಿ ಬೇಡಿಕೆಗಳನ್ನು ಪರಿಶೀಲಿಸಿ ವರದಿ ಕೊಡುತ್ತದೆ, ಆದರೆ ಕಡಿತ ಸೂಚನೆಯ ರೂಪದ್ದೇನನ್ನೂ ವರದಿಯಲ್ಲಿ ಸೂಚಿಸುವಂತಿಲ್ಲ. ಶಿಫಾರಸಿಗೆ ಸಚಿವಾಲಯ ಮೂರು ತಿಂಗಳಲ್ಲಿ ಉತ್ತರಿಸಬೇಕು. ನಂತರ ಬರುವ ಕ್ರಮಕೈಗೊಂಡ ವರದಿ ಐದು ಅಧ್ಯಾಯದ್ದು. ಎರಡನೆಯದು ಸರ್ಕಾರ ಒಪ್ಪಿದ ಶಿಫಾರಸುಗಳು, ಮಾಧ್ಯಮಗಳಿಗೆ ಇದೇ ಸುದ್ದಿ. ಮೂರನೆಯದು ಸಮಿತಿ ಕೈಬಿಟ್ಟವು. ನೀವು ಓದಬೇಕಾದ್ದು ನಾಲ್ಕು ಮತ್ತು ಐದು: ಉತ್ತರ ಸಮಿತಿಗೆ ಒಪ್ಪಿಗೆಯಾಗದವು, ಮತ್ತು ಬರೀ ಮಧ್ಯಂತರ ಉತ್ತರ ಬಂದವು. ಎರಡನೇ ಅಧ್ಯಾಯದಲ್ಲೂ ‘ಗಮನಿಸಲಾಗಿದೆ’ ಎಂದಷ್ಟೇ ಬರೆದ ಉತ್ತರಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡು, ಮುಂದಿನ ವರ್ಷದ ಬೇಡಿಕೆ ಪುಸ್ತಕದಲ್ಲಿ ಆ ಸಾಲಿನ ಅಂಕಿ ಕದಲಿದೆಯೇ ನೋಡಿ.